ರಿವರ್ಸ್ ಕ್ಯಾಮೆರಾ ಮತ್ತು ರಾಯರ ‘ಬಹುದಿತ್ತು’

ಇಂದು ಬೆಳಿಗ್ಗೆ ಕಾರನ್ನು ಹಿಂದಕ್ಕೆ ತೆಗೆಯುವಾಗ ಪರದೆಯ ಬಲಭಾಗದಲ್ಲಿ ಕಾಣಿಸುತ್ತಿದ್ದ ನಮ್ಮ ಗೇಟಿನ ಕಂಬವು ಕಾರಿಗೆ ತಗುಲಿದ್ದು ಎಡಭಾಗದಲ್ಲಿ. ಕಂಬಕ್ಕೇನೂ ಆಗಲಿಲ್ಲ, ಅದು ನಮ್ಮ ತಂದೆಯವರ ಕಾಲದ ಕಲ್ಲುಕಂಬ. ಬಂಪರಿನ ಮೇಲೆ ಮಾತ್ರ ಗೇಣುದ್ದದ ಗೀರು ಬಿದ್ದಿದೆ. ಇಂಥ ಗೀರು ಬೀಳಬಾರದೆಂದೇ ಒಂದು ಭಾನುವಾರವನ್ನೂ, 900 ರೂಪಾಯಿಯನ್ನೂ, ಬಲಗೈ ಹೆಬ್ಬೆರಳಿನ ಅರ್ಧ ಉಗುರನ್ನೂ ವ್ಯಯಿಸಿ ನಾನೇ ಸ್ವಹಸ್ತದಿಂದ ರಿವರ್ಸ್ ಕ್ಯಾಮೆರಾ ಅಳವಡಿಸಿದ್ದೆನೆಂಬುದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ನನ್ನ ಕಾರು 2014ರದು. ಹೊಸ ಕಾರುಗಳಿಗೆ ಹಿಂಬದಿಯ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾದದ್ದು 2019ರ ಜುಲೈ 1ರಿಂದ. ಐದು ವರ್ಷ ಮೊದಲೇ ಹುಟ್ಟಿದ ತಪ್ಪಿಗೆ, ಬೆನ್ನ ಹಿಂದೆ ಏನು ನಡೆಯುತ್ತಿದೆ ಎಂಬುದು ನನ್ನ ಕಾರಿಗೆ ತಿಳಿಯುವುದೇ ಇಲ್ಲ; ಕಚೇರಿಯಲ್ಲಿ ನನ್ನ ಪರಿಸ್ಥಿತಿಯೂ ಅದೇ ಆದ್ದರಿಂದ ನಾನು ಅದನ್ನು ದೂರುವಂತಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ವಿಚಾರಿಸಿದಾಗ ಕ್ಯಾಮೆರಾಕ್ಕೆ 900, ಅದನ್ನು ಕೂರಿಸಲು 1,200 ಎಂದರು. ಮೂಗಿಗಿಂತ ಮೂಗುತಿ ಭಾರವೆಂದು ಕೇಳಿದ್ದೆ. ಮೂಗುತಿಗಿಂತ ಚುಚ್ಚುವ ಕೂಲಿ ಭಾರವಾದುದನ್ನು ಅಂದೇ ಕಂಡದ್ದು. ಟಚ್ ಸ್ಕ್ರೀನಿನ ಸ್ಟೀರಿಯೊ ಹೇಗೂ ಮೊದಲೇ ಇತ್ತು. ಕ್ಯಾಮೆರಾ ಮಾತ್ರ ಕೊಂಡು, ಸ್ವಾಭಿಮಾನದಿಂದ ಮನೆಗೆ ಬಂದೆ.

ಈ ಸ್ವಾಭಿಮಾನಕ್ಕೆ ನೀರೆರೆದದ್ದು ಹತ್ತು ನಿಮಿಷದ ಒಂದು ವಿಡಿಯೊ. ಅದರಲ್ಲಿ ಮುಖವಿಲ್ಲದ ಎರಡು ಕೈಗಳು, ಧೂಳೇ ಕಾಣದ ಒಂದು ಕಾರಿನ ಡಿಕ್ಕಿಯನ್ನು ತೆರೆದು, “ಈ ವೈರನ್ನು ಇಲ್ಲಿಂದ ಹೀಗೆ ಮುಂದಕ್ಕೆ ತಂದುಕೊಳ್ಳಿ” ಎನ್ನುತ್ತವೆ. ಮರುಕ್ಷಣ ವೈರು ಡ್ಯಾಶ್‌ಬೋರ್ಡಿನ ಬಳಿ ಬಂದು ಕುಳಿತಿರುತ್ತದೆ. ಆ ‘ಹೀಗೆ’ ಎಂಬ ಎರಡಕ್ಷರದಲ್ಲಿ ಆರು ಮೀಟರ್ ಕೇಬಲ್ಲು, ಹನ್ನೊಂದು ಪ್ಲಾಸ್ಟಿಕ್ ಕ್ಲಿಪ್ಪುಗಳು, ಹಿಂದಿನ ಸೀಟು ಮತ್ತು ನನ್ನ ಹೆಬ್ಬೆರಳು ಅಡಗಿದ್ದವೆಂಬುದು ಆಗ ನನಗೆ ತಿಳಿದಿರಲಿಲ್ಲ.

ಕೆಲಸದ ತತ್ತ್ವವೇನೋ ಸರಳವಾದುದು. ಗಾಡಿ ರಿವರ್ಸ್ ಗೇರಿಗೆ ಬಿದ್ದಾಗ ಹಿಂದೆ ಬೆಳಗುವ ಬಿಳಿ ದೀಪದ 12 ವೋಲ್ಟ್ ತಂತಿಗೆ ಕ್ಯಾಮೆರಾದ ಕೆಂಪು ತಂತಿಯನ್ನೂ, ಕಾರಿನ ಲೋಹದ ಮೈಗೆ ಕಪ್ಪು ತಂತಿಯನ್ನೂ ಸೇರಿಸಬೇಕು. ಚಿತ್ರವನ್ನು ಹೊರುವ ಹಳದಿ ಪಿನ್ನಿನ ಕೇಬಲ್ಲನ್ನು ಮುಂದಿನ ಸ್ಟೀರಿಯೊಗೆ ತಲುಪಿಸಬೇಕು. ಅದರ ಜೊತೆಯಲ್ಲೇ ಬರುವ ಎಳೆಯಷ್ಟು ತೆಳ್ಳಗಿನ ಇನ್ನೊಂದು ಕೆಂಪು ತಂತಿಯು ‘ಈಗ ಹಿಂದಕ್ಕೆ ಹೋಗುತ್ತಿದ್ದಾನೆ, ಹಾಡು ಬಿಟ್ಟು ಚಿತ್ರ ತೋರಿಸು’ ಎಂದು ಪರದೆಗೆ ಚಾಡಿ ಹೇಳುತ್ತದೆ. ಇಷ್ಟೇ. ಇಷ್ಟನ್ನು ನಾನು ಎದುರುಮನೆಯ ರಾಯರ ಸಮ್ಮುಖದಲ್ಲಿ ಮಾಡಬೇಕಾಗಿ ಬಂದದ್ದೇ ತೊಡಕು.

ರಾಯರು ಲೆಕ್ಕಪರಿಶೋಧಕರಾಗಿ ನಿವೃತ್ತರಾದವರು. ಹಣವೆಲ್ಲ ಖರ್ಚಾದ ಮೇಲೆ ಬಂದು, ಹೇಗೆ ಖರ್ಚು ಮಾಡಬೇಕಿತ್ತೆಂದು ಹೇಳುವುದು ಅವರ ವೃತ್ತಿಧರ್ಮವಾಗಿತ್ತು. ವೃತ್ತಿ ಹೋಗಿ ಧರ್ಮ ಉಳಿದುಕೊಂಡಿದೆ. ಅವರು ಎಂದೂ ‘ಹೀಗೆ ಮಾಡಿ’ ಎನ್ನುವುದಿಲ್ಲ. ವ್ಯಾಕರಣದಲ್ಲಿ ಅವರಿಗೆ ಒಲಿದಿರುವುದು ಒಂದೇ ರೂಪ, ‘ಬಹುದಿತ್ತು’. ನಂಬರ್ ಪ್ಲೇಟಿನ ಮೇಲಿನ ಪ್ಲಾಸ್ಟಿಕ್ ಪಟ್ಟಿಗೆ ನಾನು ಅಳತೆ ಮಾಡಿ, ಗುರುತು ಹಾಕಿ, ದೇವರನ್ನು ನೆನೆದು, ಡ್ರಿಲ್ ಹಿಡಿದು ನಿಂತಷ್ಟು ಹೊತ್ತೂ ಅವರು ಪಂಚೆಯ ಚುಂಗು ಹಿಡಿದು ಮೌನವಾಗಿ ನೋಡುತ್ತಿದ್ದರು. ತೂತು ಬಿದ್ದು, ಪ್ಲಾಸ್ಟಿಕ್ಕಿನ ಬಿಲ್ಲೆ ನೆಲಕ್ಕುರುಳಿದ ಬಳಿಕ, “ಅಂಟಿಸುವ ಕ್ಯಾಮೆರಾವೇ ತರಬಹುದಿತ್ತು” ಎಂದರು. ಹಿಂದಿನ ದೀಪದ ಡೋಮನ್ನು ಬಿಚ್ಚಿ, ಅದರೊಳಗೆ ರಿವರ್ಸ್ ಬಲ್ಬೇ ಇಲ್ಲದಿರುವುದನ್ನು ಕಂಡು ನಾನು ಕಂಗಾಲಾದಾಗ, “ನಿಮ್ಮ ಕಾರಿಗೆ ಆ ದೀಪ ಒಂದೇ ಕಡೆ ಇರುವುದು. ಇನ್ನೊಂದನ್ನು ಬಿಚ್ಚಬಹುದಿತ್ತು” ಎಂದರು. ಕೇಬಲ್ಲನ್ನು ಎಡಬದಿಯ ಬಾಗಿಲುಗಳ ಕೆಳಗಿನ ಪಟ್ಟಿಯೊಳಗೆ ಹುದುಗಿಸಿ, ಟಪ್ ಟಪ್ ಎಂದು ಕ್ಲಿಪ್ಪುಗಳನ್ನು ಒತ್ತಿ (ಹನ್ನೊಂದರಲ್ಲಿ ಉಳಿದಿದ್ದ ಎಂಟನ್ನು), ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ, “ಬಲಗಡೆಯಿಂದ ತಂದಿದ್ದರೆ ಒಂದು ಗೇಣು ಉಳಿಸಬಹುದಿತ್ತು” ಎಂಬ ಅಶರೀರವಾಣಿ ಕೇಳಿಸಿತು. ಹೋಗಿ ನೋಡಿದರೆ ಹಳದಿ ಪಿನ್ನು ಸ್ಟೀರಿಯೊಗೆ ಸರಿಯಾಗಿ ಒಂದು ಗೇಣು ದೂರದಲ್ಲಿ ನಿಂತಿತ್ತು. ಅವರ ಮಾತು ಸುಳ್ಳಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಡಿಕ್ಕಿಯ ಬಾಗಿಲಿಗೂ ಕಾರಿನ ಮೈಗೂ ನಡುವೆ ಇರುವ ಮಡಿಕೆಮಡಿಕೆಯ ರಬ್ಬರ್ ಕೊಳವೆಯೊಳಗೆ ತಂತಿಯನ್ನು ತೂರಿಸಲು ನಾನು ಮುಕ್ಕಾಲು ಗಂಟೆ ಹೆಣಗಿದೆ. ಕೊನೆಗೆ ನನ್ನ ಹೆಂಡತಿ ಅಡುಗೆಮನೆಯಿಂದ ಬಂದು, ಗಟ್ಟಿ ಕಂಬಿಯೊಂದಕ್ಕೆ ತಂತಿಯ ತುದಿ ಕಟ್ಟಿ, ಪಾತ್ರೆಯ ಸೋಪು ಸವರಿ, ಲಂಗಕ್ಕೆ ಲಾಡಿ ಪೋಣಿಸುವಂತೆ ಎರಡು ನಿಮಿಷದಲ್ಲಿ ಎಳೆದುಕೊಟ್ಟು ಒಳಗೆ ಹೋದಳು. ರಾಯರು ನನ್ನತ್ತ ನೋಡಿದರು. ‘ಮೊದಲೇ ಕರೆಯಬಹುದಿತ್ತು’ ಎಂಬುದನ್ನು ಬಾಯಿಬಿಟ್ಟು ಹೇಳಲಿಲ್ಲವೆಂಬುದು ಅವರ ದೊಡ್ಡಗುಣ.

ಸಂಜೆ ಐದರ ಹೊತ್ತಿಗೆ ಕೀಲಿ ತಿರುಗಿಸಿ ರಿವರ್ಸ್ ಗೇರು ಹಾಕಿದೆ. ಪರದೆ ಬೆಳಗಿತು. ಅದರಲ್ಲಿ ಭೂಮಿ ಮೇಲಿತ್ತು, ಆಕಾಶ ಕೆಳಗಿತ್ತು, ನಡುವೆ ರಾಯರು ಸಿಮೆಂಟಿನ ನೆಲಕ್ಕೆ ಪಾದಗಳನ್ನು ಅಂಟಿಸಿಕೊಂಡು ಬಾವಲಿಯಂತೆ ನೇತಾಡುತ್ತಿದ್ದರು. ಆ ಸ್ಥಿತಿಯಲ್ಲೂ ಅವರ ಪಂಚೆ ಮಾತ್ರ ಸ್ವಸ್ಥಾನವನ್ನು ಬಿಟ್ಟು ಕದಲಿರಲಿಲ್ಲ. ಕ್ಯಾಮೆರಾದ ಮೇಲ್ಭಾಗ ಯಾವುದೆಂದು ತೋರಿಸುವ ಬಾಣದ ಗುರುತು ಅದರ ಬೆನ್ನಿನ ಮೇಲಿತ್ತಂತೆ. ಇದನ್ನು ನಾನು ಮೊದಲೇ ನೋಡಬಹುದಿತ್ತು. ನೋಡಿ, ಈ ರೋಗ ಅಂಟುವಂಥದು.

ಅಲ್ಲಿಗೆ ನಿಲ್ಲಿಸಿ, ಕ್ಯಾಮೆರಾವನ್ನು ಅರ್ಧ ಸುತ್ತು ತಿರುಗಿಸಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಆದರೆ ಕ್ಯಾಮೆರಾದ ಬಾಲದಲ್ಲಿ ಹಸಿರು ಮತ್ತು ಬಿಳಿ ಬಣ್ಣದ ಎರಡು ಪುಟ್ಟ ಕುಣಿಕೆಗಳಿದ್ದವು. ಜೊತೆಗಿದ್ದ ಕಾಗದದಲ್ಲಿ ಹಸಿರನ್ನು ಕತ್ತರಿಸಿದರೆ ಪರದೆಯ ಮೇಲೆ ದೂರದ ಅಂದಾಜು ಕೊಡುವ ಗೆರೆಗಳು ಮಾಯವಾಗುತ್ತವೆಂದೂ, ಬಿಳಿಯದನ್ನು ಕತ್ತರಿಸಿದರೆ ಚಿತ್ರ ತಿರುಗುತ್ತದೆಂದೂ ಇತ್ತು. ತಿರುಗುವುದೇ ತಾನೇ ಬೇಕಾದದ್ದು ಎಂದು ಬಿಳಿಯ ಕುಣಿಕೆಯನ್ನು ಕತ್ತರಿಸಿಬಿಟ್ಟೆ. ಅದು ತಿರುಗಿಸುವುದು ಮೇಲು-ಕೆಳಗನ್ನಲ್ಲ, ಎಡ-ಬಲವನ್ನು. ಹಿಂಬದಿಯ ಕ್ಯಾಮೆರಾವು ಕನ್ನಡಿಯ ಹಾಗೆ ಎಡದ ವಸ್ತುವನ್ನು ಎಡಕ್ಕೇ ತೋರಿಸಬೇಕು. ಕುಣಿಕೆ ಇದ್ದದ್ದೇ ಆ ಸಲುವಾಗಿ. ರಾಯರು ನೇತಾಡುತ್ತಲೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಿಗಿದರು. ಬಳಿಕ ಕ್ಯಾಮೆರಾವನ್ನು ಅರ್ಧ ಸುತ್ತು ತಿರುಗಿಸಿದಾಗ ಅವರೇನೋ ನೆಟ್ಟಗೆ ನಿಂತರು, ಆದರೆ ಎಡಗಡೆ ನಿಂತವರು ಪರದೆಯ ಬಲಗಡೆ ಕಾಣಿಸಿಕೊಂಡರು. ಕತ್ತರಿಸಿದ ಬಿಳಿ ತಂತಿಯ ಎರಡು ಮೋಟು ತುದಿಗಳನ್ನು ಹೊಸೆದು, ಇನ್ಸುಲೇಷನ್ ಟೇಪು ಸುತ್ತಿ, ಆ ದಿನದ ಕಾರ್ಯಕ್ರಮವನ್ನು ಮುಗಿಸಿದೆ. “ಬೆಸುಗೆ ಹಾಕಬಹುದಿತ್ತು” ಎಂದು ಹೇಳಿ ರಾಯರೂ ಮನೆಗೆ ಹೋದರು.

ಅವರು ಹೋದ ಮೇಲೆ ಪರದೆಯಲ್ಲಿ ಗೇಟಿನ ಎರಡು ಕಂಬಗಳೂ, ನಡುವಿನ ಖಾಲಿ ಜಾಗವೂ ಕಾಣಿಸುತ್ತಿದ್ದವು. ಆ ಜಾಗದಲ್ಲಿ ನಮ್ಮ ತಂದೆಯವರು ನಿಲ್ಲುತ್ತಿದ್ದರು. ನಾನು ಹೊಸದಾಗಿ ಓಡಿಸಲು ಕಲಿತಾಗ, ಬಸ್ಸಿನ ಕಂಡಕ್ಟರನಂತೆ ಡಿಕ್ಕಿಯ ಮೇಲೆ ಅಂಗೈ ಬಡಿಯುತ್ತ, “ಬರಲಿ, ಬರಲಿ, ಇನ್ನೂ ಬರಲಿ” ಎನ್ನುತ್ತಿದ್ದರು. ಎರಡು ಪೆಟ್ಟಿಗೆ ಬಾ, ಒಂದು ಪೆಟ್ಟಿಗೆ ನಿಲ್ಲು. ಆಗ ನಾನು ಹಿಂದೆ ತಿರುಗಿ ನೋಡುತ್ತಲೂ ಇರಲಿಲ್ಲ. ಕಾರಿನೊಳಗೆ ತುಸು ಹೊತ್ತು ಹಾಗೆಯೇ ಕುಳಿತಿದ್ದೆ; ಗೇರು ರಿವರ್ಸಿನಲ್ಲೇ ಇತ್ತು.

ಹೊಸೆದ ತಂತಿಗೆ ನಮ್ಮ ಬೀದಿಯ ಗುಂಡಿಗಳ ಪರಿಚಯವಾದದ್ದು ಮರುದಿನದಿಂದ. ರಿವರ್ಸ್ ಗೇರು ಬಿದ್ದಾಗಲೆಲ್ಲ ಕ್ಯಾಮೆರಾ ಹೊಸದಾಗಿ ಎಚ್ಚರಗೊಂಡು ಆ ಕುಣಿಕೆ ಕೂಡಿದೆಯೋ ಬಿಟ್ಟಿದೆಯೋ ನೋಡಿಕೊಳ್ಳುತ್ತದೆ. ಹೀಗಾಗಿ ಸೋಮವಾರ ಎಡವು ಎಡವಾಗಿದ್ದರೆ ಮಂಗಳವಾರ ಬಲವಾಗಿರುತ್ತದೆ, ಕೆಲವೊಮ್ಮೆ ಮಧ್ಯಾಹ್ನದೊಳಗೇ ಪಕ್ಷಾಂತರವಾಗುತ್ತದೆ. ಇದಕ್ಕೆ ಪರಿಹಾರವಾಗಿ ನನ್ನ ಹೆಂಡತಿ ಎಡಗಡೆಯ ಕಂಬಕ್ಕೆ ಅಗಲವಾಗಿ ಕುಂಕುಮ ಹಚ್ಚಿಟ್ಟಳು. ಪರದೆಯಲ್ಲಿ ಕುಂಕುಮವಿರುವ ಕಂಬ ಯಾವ ಕಡೆ ಕಾಣುತ್ತದೆಂದು ನೋಡಿ, ಅಂದಿನ ದಿಕ್ಕನ್ನು ನಿರ್ಧರಿಸಿ, ನಾನು ಸ್ಟೀರಿಂಗ್ ತಿರುಗಿಸುತ್ತಿದ್ದೆ. ಎರಡು ವಾರ ಈ ವ್ಯವಸ್ಥೆ ನಿರ್ವಿಘ್ನವಾಗಿ ನಡೆಯಿತು.

ನಿನ್ನೆ ರಾತ್ರಿ ಜೋರು ಮಳೆ ಬಂದಿತ್ತು. ಬೆಳಿಗ್ಗೆ ಸದ್ದು ಕೇಳಿ ಹೊರಗೆ ಬಂದ ರಾಯರು, ಬಂಪರಿನ ಗೀರನ್ನೂ ತೊಳೆದು ನಿಂತಿದ್ದ ಕಂಬವನ್ನೂ ಸಾವಕಾಶವಾಗಿ ಪರಿಶೀಲಿಸಿದರು.

“ಪೇಂಟು ಹಚ್ಚಬಹುದಿತ್ತು” ಎಂದರು.