ಯಾರೂ ನೋಡದ ಕೈಗೆ 7 ಅಂಕ

ನಿನ್ನೆ ಸಂಜೆ ಓಟಿ (ಆಪರೇಷನ್ ಥಿಯೇಟರ್) ಮುಗಿಸಿ ಡಿಪಾರ್ಟ್‌ಮೆಂಟಿಗೆ ಬಂದರೆ ನನ್ನ ಹೆಸರಿನ ಮೂರು ಮೌಲ್ಯಮಾಪನದ ಫಾರಂ ಟೇಬಲ್ ಮೇಲಿದ್ದವು. ಒಂಬತ್ತು ತಿಂಗಳದ್ದು, ಒಟ್ಟಿಗೆ. ಮೂರರಲ್ಲೂ ಮೇಲಿಂದ ಕೆಳಗಿನವರೆಗೆ ಬರೀ 7. ಒಂದೇ ಪೆನ್ನು. ನಾನು ಸಹಿ ಹಾಕಬೇಕಾದ ಕಡೆ ಪೆನ್ಸಿಲ್ ಗುರುತು ಬೇರೆ. ಇನ್‌ಸ್ಪೆಕ್ಷನ್ ಬರುತ್ತಂತೆ, ಅದಕ್ಕೇ ಈ ಅವಸರ.

"ಸರ್, ನಾನು ಏನು ತಿದ್ಕೋಬೇಕು?" ಅಂತ ಅಂಕ ಹಾಕಿದ ಮೇಷ್ಟ್ರನ್ನ ಕೇಳಿದೆ.

"ಒಳ್ಳೆ ಮಾರ್ಕ್ಸೇ ಕೊಟ್ಟಿದೀನಲ್ಲಮ್ಮ, ಸೈನ್ ಹಾಕಿ ಹೋಗು."

ಮೈಯೆಲ್ಲ ಉರಿದುಹೋಯ್ತು. ನಾನು ಎಂಬಿಬಿಎಸ್ ಮುಗಿಸಿ ಜನರಲ್ ಸರ್ಜರಿ ಎಂಎಸ್ ಓದ್ತಿದೀನಿ, ಎರಡನೇ ವರ್ಷ. ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ಪಠ್ಯಕ್ರಮದಲ್ಲಿ ಮೂರು ತಿಂಗಳಿಗೊಮ್ಮೆ ನಮ್ಮನ್ನ ಅಳೆದು ನೋಡಬೇಕು ಅಂತಿದೆ. ಅಂಕ 1ರಿಂದ 9. ಯಾವುದರಲ್ಲಾದರೂ 4ಕ್ಕಿಂತ ಕಡಿಮೆ ಬಂದರೆ ಸರಿಪಡಿಸೋ ದಾರಿ ಬರೆಯಲೇಬೇಕು ಅಂತ ಆ ಫಾರಂನಲ್ಲೇ ಅಚ್ಚಾಗಿದೆ. 3 ಕೊಟ್ಟರೆ ಕಲಿಸೋ ಕೆಲಸ ಅವರ ತಲೆಗೆ ಬರುತ್ತೆ. 7 ಕೊಟ್ಟರೆ ಯಾರಿಗೂ ಏನೂ ಕೆಲಸ ಇಲ್ಲ.

ನಾವು ಮಾಡಿದ ಕೇಸುಗಳನ್ನ ಬರೆದಿಡೋ ಲಾಗ್‌ಬುಕ್ಕಿನ ಕಥೆಯೂ ಇದೇ. ಕೊಯ್ದ ಜಾಗ ಅಗಲಿಸೋ ರಿಟ್ರ್ಯಾಕ್ಟರ್ ಹಿಡ್ಕೊಂಡು ನಿಂತಿದ್ದ ಹರ್ನಿಯಾ ಕೇಸುಗಳನ್ನ 'ಅಸಿಸ್ಟ್ ಮಾಡಿದ್ದು' ಅಂತ ಬರೆದಿದ್ದೆ. ಅದನ್ನೂ 'ಸ್ವತಃ ಮಾಡಿದ್ದು' ಅಂತ ತಿದ್ದಿಸಿದರು.

ಹೋದ ತಿಂಗಳು ರಾತ್ರಿ ಎರಡು ಗಂಟೆಗೆ ಅಪೆಂಡಿಕ್ಸ್ ಕೇಸ್. ಬುಡಕ್ಕೆ ಗಂಟು ಹಾಕುವಾಗ ದಾರ ಜಾರಿತು. ಮತ್ತೆ ಹಾಕಿದೆ. ಎದುರಿಗಿದ್ದವರು ನನಗಿಂತ ಒಂದೇ ವರ್ಷ ಸೀನಿಯರ್. ಬಿಗಿಯಾಗಿದೆಯಾ ಅಂತ ಇಬ್ಬರೂ ಮುಖ ಮುಖ ನೋಡ್ಕೊಂಡ್ವಿ. ನಮ್ಮ ಮೇಲಿನ ಕನ್ಸಲ್ಟೆಂಟ್ ಬರೀ ಫೋನಲ್ಲಿದ್ದರು. ಹುಡುಗ ಮೂರನೇ ದಿನ ನಡ್ಕೊಂಡೇ ಮನೆಗೆ ಹೋದ, ದೇವರು ದೊಡ್ಡವನು. ಆದರೆ ಆ ಮೂರು ದಿನ ಪ್ರತಿ ರೌಂಡ್ಸಲ್ಲೂ ಅವನ ಹೊಟ್ಟೆ ಮುಟ್ಟೋವಾಗ ನನ್ನ ಎದೆ ಹೊಡ್ಕೊಂಡಿದ್ದು ನನಗೇ ಗೊತ್ತು. ನನ್ನ ಗಂಟು ಯಾಕೆ ಜಾರಿತು ಅಂತ ಇವತ್ತಿಗೂ ಒಬ್ಬರೂ ಹೇಳಿಲ್ಲ. ಆ ತಿಂಗಳು ಸೇರಿದ ಫಾರಂನಲ್ಲೂ 7 ಇದೆ!

ಮೇಷ್ಟ್ರುಗಳಿಗೂ ಓಪಿಡಿ, ಓಟಿ, ಕ್ಲಾಸು ಅಂತ ಬಿಡುವಿಲ್ಲ, ಒಪ್ತೀನಿ. ಹಾಗಂತ ನೋಡದೇ ಇರೋದನ್ನ ನೋಡಿದೀವಿ ಅಂತ ಬರೆಯೋದಾ? ಇನ್ನೇನು ಡಿಆರ್‌ಪಿ (ಪಿಜಿ ಓದೋರ ಜಿಲ್ಲಾ ರೆಸಿಡೆನ್ಸಿ ತರಬೇತಿ) ಅಂತ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಗೆ ಹೋಗ್ತೀನಿ. ಅಲ್ಲಿ ಮಲಗಿರೋರು ನನ್ನ ಫಾರಂ ನೋಡಿ ಹೊಟ್ಟೆ ಕೊಡಲ್ಲ, ಡಾಕ್ಟ್ರು ಅನ್ನೋ ನಂಬಿಕೆಗೆ ಕೊಡ್ತಾರೆ.

ನನಗೆ 3 ಕೊಡಿ ಸರ್, ಬೇಜಾರಿಲ್ಲ. ಹೋಗೋದರೊಳಗೆ ಒಂದು ಕೇಸಿಗೆ, ಚರ್ಮ ಕೊಯ್ಯೋದರಿಂದ ಕೊನೇ ಹೊಲಿಗೆವರೆಗೆ, ನನ್ನ ಎದುರು ನಿಂತು ನನ್ನ ಕೈ ನೋಡಿ.