ನಿಂತದ್ದು ಯಾವುದು, ಸವೆದದ್ದು ಯಾವುದು

ಹದಿನೈದು ದಿನಗಳಿಂದ ಒಂದೇ ಪದ ನನ್ನ ತಲೆ ತಿನ್ನುತ್ತಿದೆ: ಫೇಲ್ಯೂರ್. ಕೊಪ್ಪಳದ ಹತ್ತಿರದ ಕಾರ್ಖಾನೆಯೊಂದರಲ್ಲಿ ಜರ್ಮನಿಯಿಂದ ತರಿಸಿದ ಯಂತ್ರಗಳಿವೆ. ಅವು ಕೆಟ್ಟಾಗ ಇಲ್ಲಿಯವರು ಇಂಗ್ಲಿಷಿನಲ್ಲಿ ಬರೆಯುವ ವರದಿಯನ್ನು ಜರ್ಮನ್ ಭಾಷೆಗೆ ಅನುವಾದಿಸಿ ಕೊಡುತ್ತೇನೆ. ಈ ಸಲದ ವರದಿ ಒಂದೂವರೆ ಪುಟದ್ದು. ಅದರಲ್ಲಿ ಸೀಲ್ ಫೇಲ್ಯೂರ್, ಹೈಡ್ರಾಲಿಕ್ ಫೇಲ್ಯೂರ್, ಪಂಪ್ ಫೇಲ್ಯೂರ್, ಕೊನೆಯ ಸಾಲಿನಲ್ಲಿ ಆಪರೇಟರ್ ಫೇಲ್ಯೂರ್. ಸೀಲ್ ಎಂಬ ರಬ್ಬರಿನ ಬಳೆಗೂ ಮನುಷ್ಯನಿಗೂ ಒಂದೇ ಪದ!

ಜರ್ಮನ್ ಭಾಷೆಯಲ್ಲಿ ಹೀಗೆ ಬರೆದು ಕೈ ತೊಳೆದುಕೊಳ್ಳಲು ಆಗುವುದಿಲ್ಲ. ಓಡುತ್ತಿದ್ದ ಯಂತ್ರ ನಿಂತರೆ ಔಸ್‌ಫಾಲ್. ಕರೆಂಟ್ ಹೋದರೂ ಅದೇ. ಕೆಲಸಕ್ಕೆ ಅಡಚಣೆಯಾದರೆ ಷ್ಟ್ಯೋರುಂಗ್. ತಪ್ಪಿಗೂ ದೋಷಕ್ಕೂ ಫೇಲರ್. ಹೊರೆ ತಾಳದೆ ಕೈಕೊಟ್ಟರೆ ಫೆರ್‌ಜಾಗನ್. ಈ ಪದದ ಒಡಲಲ್ಲಿ ‘ಹೇಳು’ ಎಂಬ ಧಾತುವಿದೆ. ‘ಒಲ್ಲೆ ಎನ್ನು, ನಿರಾಕರಿಸು’ ಎಂಬ ಅರ್ಥ ಇಂದಿಗೂ ಬಳಕೆಯಲ್ಲಿದೆ. ಹಿಡಿದ ಕಾರ್ಯ ದಡ ಸೇರದಿದ್ದರೆ ಷೈಟರ್ನ್. ಹಡಗು ಒಡೆದು ಕಟ್ಟಿಗೆಯ ಚೂರುಗಳಾಗುವುದರಿಂದ ಹುಟ್ಟಿದ ಮಾತು ಅದು.

ಇಂಗ್ಲಿಷಿನ ತಾಂತ್ರಿಕ ಪದಕೋಶದಲ್ಲೂ ಗೆರೆಯಿದೆ. ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗದ ಪದಕೋಶದ ಪ್ರಕಾರ ಫೇಲ್ಯೂರ್ ಒಂದು ಘಟನೆ, ಫಾಲ್ಟ್ ಒಂದು ಸ್ಥಿತಿ. ಪಂಪು ನಿಂತದ್ದು ಘಟನೆ, ಸೀಲು ಸವೆದಿರುವುದು ಸ್ಥಿತಿ. ವರದಿ ಬರೆಯುವವರು ಅದನ್ನು ಪಾಲಿಸುವುದಿಲ್ಲ, ಅಷ್ಟೇ.

ಹಾಗೆಂದು ಜರ್ಮನರೂ ಎಡವಿಲ್ಲವೆಂದಲ್ಲ. ಎಫ್ಎಂಇಎ (ಫೇಲ್ಯೂರ್ ಮೋಡ್ಸ್ ಅಂಡ್ ಎಫೆಕ್ಟ್ಸ್ ಅನಾಲಿಸಿಸ್), ಅಂದರೆ ಒಂದು ವಸ್ತು ಯಾವ ಬಗೆಯಲ್ಲಿ ಕೆಡಬಹುದು, ಕೆಟ್ಟರೆ ಪರಿಣಾಮವೇನು ಎಂದು ನೋಡುವ ವಿಶ್ಲೇಷಣಾ ವಿಧಾನ, 1949ರಲ್ಲಿ ಅಮೆರಿಕದ ಸೇನೆಯ ದಾಖಲೆಯಲ್ಲಿ ಕಾಣಿಸಿಕೊಂಡಿತು. ಜರ್ಮನ್ ಭಾಷೆಯಲ್ಲಿ ಬಳಕೆಗೆ ಬಂದ ಹೆಸರು ಆ ನಾಲ್ಕು ಅಕ್ಷರಗಳಿಗೇ ಹೊಂದುತ್ತದೆ: ಫೇಲರ್, ಮ್ಯೋಗ್ಲಿಷ್‌ಕೈಟ್, ಐನ್‌ಫ್ಲುಸ್, ಅನಾಲ್ಯೂಝೆ. ಹೀಗಾಗಿ ಕೆಡುವ ‘ಬಗೆ’ ಎಂಬುದು ಕೆಡುವ ‘ಸಾಧ್ಯತೆ’ಯಾಯಿತು, ‘ಪರಿಣಾಮ’ವು ‘ಪ್ರಭಾವ’ವಾಯಿತು. ಅಕ್ಷರ ಉಳಿಸಲು ಅರ್ಥವನ್ನು ಬಿಟ್ಟುಕೊಟ್ಟದ್ದು ನನಗೆ ಒಪ್ಪಿಗೆಯಿಲ್ಲ.

ವರದಿಯ ಕೊನೆಯ ಸಾಲಿಗೆ ಬಂದಾಗ ಪೆನ್ನು ಮುಂದೆ ಹೋಗಲಿಲ್ಲ. ‘ಮೆನ್ಷ್‌ಲಿಷೆಸ್ ಫೆರ್‌ಜಾಗನ್’, ಅಂದರೆ ಮನುಷ್ಯನೇ ಕೈಕೊಟ್ಟ, ಎಂದು ಬರೆದರೆ ಇಡೀ ಹೊಣೆ ಒಬ್ಬ ಮನುಷ್ಯನ ಹೆಗಲೇರುತ್ತದೆ. ಆ ರಾತ್ರಿಪಾಳಿಯ ಆಪರೇಟರಿಗೆ ಫೋನ್ ಮಾಡಿ, “ಅಣ್ಣಾ, ಅವತ್ತು ಏನಾಯಿತು ಹೇಳಿ” ಎಂದೆ. “ಸೀಲು ಸವೆದಿತ್ತು ಸರ್. ಎರಡು ದಿನದಿಂದ ಎಣ್ಣೆ ಜಿನುಗುತ್ತಿತ್ತು, ಪುಸ್ತಕದಲ್ಲಿ ಬರೆದಿಟ್ಟಿದ್ದೆ. ರಾತ್ರಿ ಎರಡಕ್ಕೆ ಪಂಪು ನಿಂತುಬಿಟ್ಟಿತು” ಎಂದರು. ಸವೆಯಿತು, ಜಿನುಗಿತು, ನಿಂತಿತು. ನಾನು ಎರಡು ದಿನ ನಿಘಂಟಿನಲ್ಲಿ ಹುಡುಕುತ್ತಿದ್ದ ಗೆರೆಗಳನ್ನು ಅವರು ಒಂದೇ ಉಸಿರಿನಲ್ಲಿ ಎಳೆದುಬಿಟ್ಟರು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ ಹತ್ತೊಂಬತ್ತನೆಯ ಗೇಟು ಹೋದಾಗಲೂ ನಮ್ಮ ಜನ ಹೀಗೆಯೇ ಮಾತಾಡಿದರು. ಸರಪಳಿ ತುಂಡಾಯಿತು, ಗೇಟು ಕೊಚ್ಚಿಹೋಯಿತು ಎಂದರು. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಆ ಎರಡು ಕ್ರಿಯಾಪದಗಳಲ್ಲೇ ಇತ್ತು. ಅದನ್ನೇ ‘ಗೇಟ್ ವೈಫಲ್ಯ’ ಎಂದು ಬರೆದರೆ ಸರಪಳಿಯೇ ಕಣ್ಮರೆಯಾಗುತ್ತದೆ. ಇಂಜಿನ್ ವೈಫಲ್ಯ, ಮೂತ್ರಪಿಂಡ ವೈಫಲ್ಯ, ಮಳೆ ವೈಫಲ್ಯ ಎಂದು ಬರೆಯುವ ಕನ್ನಡ ಅನುವಾದಕರಲ್ಲಿ ನನ್ನದೊಂದು ಕೋರಿಕೆ: ಆ ಪದವನ್ನು ಒಂದು ತಿಂಗಳು ಪಕ್ಕಕ್ಕಿಡಿ. ಮಳೆ ಕೈಕೊಟ್ಟಿತು ಎನ್ನಲು ನಮ್ಮ ರೈತರು ಯಾರ ನಿಘಂಟನ್ನೂ ಕಾಯಲಿಲ್ಲ.

ಮೂಲವನ್ನು ತಿದ್ದುವ ಹಕ್ಕು ಅನುವಾದಕನಿಗಿಲ್ಲ, ಪ್ರಶ್ನೆ ಕೇಳುವ ಹಕ್ಕಿದೆ. ಕೇಳಿದೆ. ಕಾರ್ಖಾನೆಯವರು ಪಾಳಿ ಪುಸ್ತಕ ತೆಗೆಸಿ ನೋಡಿದರು. ಎಣ್ಣೆ ಜಿನುಗುತ್ತಿರುವ ಟಿಪ್ಪಣಿ ಎರಡು ಕಡೆ ಇತ್ತು. ಜರ್ಮನ್ ಪ್ರತಿಯಲ್ಲಿ ಈಗ ಸೀಲಿನ ಸವೆತ, ಎಣ್ಣೆಯ ಸೋರಿಕೆ, ಪಂಪಿನ ನಿಲುಗಡೆ ಎಂದಿದೆ. ಮನುಷ್ಯನ ಸಾಲು ಇಲ್ಲ. ಇಂಗ್ಲಿಷ್ ಪ್ರತಿಯಲ್ಲಿ ಅದು ಇನ್ನೂ ಹಾಗೆಯೇ ಕುಳಿತಿದೆ. ಸೋಮವಾರ ಅದಕ್ಕಾಗಿಯೇ ಮತ್ತೊಮ್ಮೆ ಹೋಗುತ್ತಿದ್ದೇನೆ.