ಅತ್ತಿ ಹೂ ಕಂಡವರುಂಟೇ?

ಅತ್ತಿ ಹೂ ನಡುರಾತ್ರಿ ಅರಳುತ್ತದೆ, ಬೆಳಗಾಗುವುದರೊಳಗೆ ಮಾಯವಾಗುತ್ತದೆ, ಕಂಡವರಿಗೆ ನಿಧಿ ಸಿಗುತ್ತದೆ. ನಮ್ಮಜ್ಜಿ ಹೀಗೆ ಹೇಳುತ್ತಿದ್ದರು. ಚಿಕ್ಕವನಿದ್ದಾಗ ಒಂದು ರಾತ್ರಿ ನಾನೂ ಚಿಕ್ಕಪ್ಪನ ಮಗನೂ ಟಾರ್ಚ್ ಹಿಡಿದುಕೊಂಡು ಹಳ್ಳದ ಪಕ್ಕದ ಅತ್ತಿ ಮರದ ಕೆಳಗೆ ಕಾದು ಕೂತಿದ್ದೆವು. ಹೂ ಕಾಣಲಿಲ್ಲ. ಬಾವಲಿಗಳು ಬಂದವು. ಅವು ಕಚ್ಚಿ ಬಿಟ್ಟ ಹಣ್ಣು ಪಟಪಟ ಅಂತ ನಮ್ಮ ಸುತ್ತ ಬೀಳುತ್ತಿದ್ದ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ಆ ಮರ ಈಗ ಇಲ್ಲ. ಹೋದ ವರ್ಷ ರಸ್ತೆ ಅಗಲ ಮಾಡುವಾಗ ಕಡಿದರು. ಕಡಿಯುವ ಮರಗಳ ಪಟ್ಟಿ ಕೇಳಿ ನೋಡಿದೆ. ತೇಗ, ಹಲಸು, ಮಾವು ಎಲ್ಲಕ್ಕೂ ಹೆಸರಿತ್ತು. ಅತ್ತಿಯ ಜಾಗದಲ್ಲಿ "ಕಾಡುಜಾತಿ" ಅಂತ ಬರೆದಿದ್ದರು, ಪಕ್ಕದಲ್ಲಿ "ಸೌದೆ" ಅಂತ. ಅಲ್ಲಿದ್ದವರೊಬ್ಬರು ನನ್ನ ಮುಖ ನೋಡಿ, "ಒಂದಕ್ಕೆ ಹತ್ತು ಸಸಿ ನೆಡ್ತೀವಿ ಸಾರ್, ಬೇಜಾರು ಮಾಡ್ಕೋಬೇಡಿ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆಗ ನನಗೆ ಏನು ಉತ್ತರ ಕೊಡಬೇಕು ಅಂತ ತೋಚಲಿಲ್ಲ. ಈಗ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ಮೊದಲು ಅಜ್ಜಿಯ ಹೂವಿನ ವಿಷಯ. ಅತ್ತಿಗೆ ಹೂ ಇದೆ. ನಾವು ಕಾಯಿ ಅಂತ ಕರೆಯುವುದೇ ಹೂವಿನ ಮನೆ. ಎಳೆಯ ಅತ್ತಿಕಾಯಿಯನ್ನು ಬ್ಲೇಡಿನಿಂದ ಸೀಳಿ ನೋಡಿ. ಒಳಗೋಡೆಗೆ ಅಂಟಿಕೊಂಡು ಸಾವಿರಾರು ಸಣ್ಣ ಹೂಗಳು ಒಳಮುಖವಾಗಿ ನಿಂತಿರುತ್ತವೆ. ಹೊರಗಿನಿಂದ ಬರಲು ಒಂದೇ ದಾರಿ, ಕಾಯಿಯ ತುದಿಯಲ್ಲಿರುವ ಸೂಜಿಮೊನೆಯಷ್ಟು ಬಾಯಿ. ಜೇನು ಅಲ್ಲಿ ತೂರಲಾರದು, ಚಿಟ್ಟೆ ತೂರಲಾರದು, ಗಾಳಿಯೂ ಅಲ್ಲಿಗೆ ಪರಾಗ ತರಲಾರದು.

ತೂರುವುದು ಒಂದೇ ಜೀವ. ಸುಮಾರು 2 ಮಿಲಿಮೀಟರ್ ಉದ್ದದ ಅತ್ತಿ ಕಣಜ. ಕನ್ನಡದಲ್ಲಿ ಕಣಜ ಅಂದರೆ ಈ ಹುಳವೂ ಹೌದು, ಧಾನ್ಯ ತುಂಬಿಡುವ ಜಾಗವೂ ಹೌದು. ನನಗೆ ಆ ಹೊಂದಿಕೆ ಬಹಳ ಇಷ್ಟ.

ಹೆಣ್ಣು ಕಣಜ ಕಾಯಿಯ ವಾಸನೆ ಹಿಡಿದು ಬರುತ್ತದೆ. ಆ ಬಾಯಿ ಎಷ್ಟು ಇಕ್ಕಟ್ಟು ಅಂದರೆ, ಒಳಗೆ ನುಸುಳುವಾಗ ಅದರ ರೆಕ್ಕೆ ಕಿತ್ತು ಹೋಗುತ್ತದೆ, ಮೀಸೆಯ ತುದಿಯೂ ಮುರಿಯುತ್ತದೆ. ಮತ್ತೆ ಹೊರಗೆ ಬರುವ ಮಾತಿಲ್ಲ. ಒಳಗೆ ಕತ್ತಲಲ್ಲಿ ಅದು ಎರಡು ಕೆಲಸ ಮಾಡುತ್ತದೆ. ಹುಟ್ಟಿದ ಕಾಯಿಯಿಂದ ತಂದ ಪರಾಗವನ್ನು ಹೂಗಳಿಗೆ ಮುಟ್ಟಿಸುತ್ತದೆ. ಕೆಲವು ಹೂಗಳೊಳಗೆ ಮೊಟ್ಟೆ ಇಡುತ್ತದೆ. ಅಲ್ಲೇ ಸಾಯುತ್ತದೆ. ಮೊಟ್ಟೆ ಬಿದ್ದ ಹೂ ಮರಿಗೆ ತೊಟ್ಟಿಲಾಗುತ್ತದೆ. ಉಳಿದ ಹೂ ಬೀಜವಾಗುತ್ತದೆ. ಮರ ತನ್ನ ಬೀಜದಲ್ಲಿ ಒಂದು ಪಾಲನ್ನು ಹುಳಕ್ಕೆ ಕೊಟ್ಟು, ಉಳಿದದ್ದನ್ನು ತನಗೆ ಇಟ್ಟುಕೊಳ್ಳುತ್ತದೆ.

ಕೆಲವು ವಾರದ ನಂತರ ಗಂಡುಗಳು ಮೊದಲು ಹೊರಬರುತ್ತವೆ. ಅವಕ್ಕೆ ರೆಕ್ಕೆಯೇ ಇಲ್ಲ. ಇನ್ನೂ ತೊಟ್ಟಿಲಲ್ಲೇ ಇರುವ ಹೆಣ್ಣುಗಳನ್ನು ಕೂಡುತ್ತವೆ. ಆಮೇಲೆ ಎಲ್ಲವೂ ಸೇರಿ ಕಾಯಿಯ ಗೋಡೆ ಕೊರೆದು ಹೆಣ್ಣುಗಳಿಗೆ ದಾರಿ ಮಾಡಿಕೊಟ್ಟು ಸಾಯುತ್ತವೆ. ಹೆಚ್ಚಿನವು ಹೊರಗಿನ ಬೆಳಕಿನಲ್ಲಿ ಒಂದು ದಿನವೂ ಬದುಕುವುದಿಲ್ಲ. ಅಷ್ಟರಲ್ಲಿ ಗಂಡು ಹೂಗಳೂ ಅರಳಿರುತ್ತವೆ. ಹೆಣ್ಣು ಕಣಜಗಳು ಅವುಗಳ ಪರಾಗ ಹೊತ್ತು ಆ ತೂತಿನಿಂದ ಹಾರುತ್ತವೆ. ಅವು ಹೋದ ಮೇಲೆ ಕಾಯಿ ಕೆಂಪಾಗಿ, ಮೆತ್ತಗಾಗಿ ಹಣ್ಣಾಗುತ್ತದೆ. ಅತ್ತಿಹಣ್ಣು ಬಿಚ್ಚಿದರೆ ಹುಳ ಅಂತ ನಮ್ಮವರು ಮೂಗು ಮುರಿಯುತ್ತಾರೆ. ಆ ಹುಳ ಇಲ್ಲದಿದ್ದರೆ ಬಿಚ್ಚಲು ಹಣ್ಣೇ ಇರುತ್ತಿರಲಿಲ್ಲ.

ಈ ಜೊತೆ ಏಳು ಕೋಟಿ ವರ್ಷಕ್ಕೂ ಹಳೆಯದು. ಜಗತ್ತಿನಲ್ಲಿ ಅತ್ತಿ ಕುಲದ ಮರಗಳು 750ಕ್ಕೂ ಹೆಚ್ಚು ಬಗೆ ಇವೆ. ನಮ್ಮ ಆಲ, ಅರಳಿ, ಬಸರಿ, ಗೋಣಿ, ಗರಗತ್ತಿ ಎಲ್ಲ ಒಂದೇ ಮನೆತನ. ಸಾಮಾನ್ಯವಾಗಿ ಒಂದೊಂದಕ್ಕೂ ಅದರದ್ದೇ ಕಣಜ. ಆಲದ ಕಣಜ ಅತ್ತಿಗೆ ಬರುವುದಿಲ್ಲ. ಅತ್ತಿಯದು ಅರಳಿಗೆ ಹೋಗುವುದಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾದವರು ಇದನ್ನು ಕಷ್ಟಪಟ್ಟು ಕಲಿತರು. 1880ರ ದಶಕದಲ್ಲಿ ಟರ್ಕಿಯ ಸ್ಮಿರ್ನಾ ಜಾತಿಯ ಅಂಜೂರ ತರಿಸಿ ನೆಟ್ಟರು. ಅಂಜೂರವೂ ಅತ್ತಿಯ ಮನೆತನವೇ. ಮರ ಸೊಂಪಾಗಿ ಬೆಳೆಯಿತು, ಕಾಯಿ ಮಾತ್ರ ಎಳೆಯದರಲ್ಲೇ ಉದುರಿತು. ಕಣಜವನ್ನೂ ತರಿಸಿ, 1899ರಲ್ಲಿ ಅದು ಅಲ್ಲಿ ನೆಲೆಯೂರಿದ ಮೇಲೆಯೇ ಹಣ್ಣು ನಿಂತದ್ದು. (ಅಂಜೂರ ಸಸ್ಯಾಹಾರವೇ ಅಂತ ವಾಟ್ಸಾಪ್‌ನಲ್ಲಿ ಕೇಳುವವರಿಗೆ ಒಂದು ಮಾತು. ನಮ್ಮಲ್ಲಿ ಬಳ್ಳಾರಿ ಕಡೆ ಬೆಳೆಯುವ ಅಂಜೂರಕ್ಕೆ ಕಣಜ ಬೇಡ, ಅದು ಹಾಗೆಯೇ ಹಣ್ಣಾಗುವ ಜಾತಿ. ನಿಶ್ಚಿಂತೆಯಿಂದ ತಿನ್ನಿ.)

ಈಗ "ಒಂದಕ್ಕೆ ಹತ್ತು" ಲೆಕ್ಕಕ್ಕೆ ಬರುತ್ತೇನೆ.

ರೆಕ್ಕೆ ಬಂದ ಹೆಣ್ಣು ಕಣಜದ ಆಯಸ್ಸು ಒಂದೆರಡು ದಿನ, ಅಷ್ಟೇ. ಅಷ್ಟರಲ್ಲಿ ಅದಕ್ಕೆ ಎಳೆಯ ಕಾಯಿ ಬಿಟ್ಟಿರುವ ಅತ್ತಿ ಸಿಗಬೇಕು. ಹುಟ್ಟಿದ ಮರದಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ, ಏಕೆಂದರೆ ಅಲ್ಲಿನ ಕಾಯಿಗಳೆಲ್ಲ ಒಟ್ಟಿಗೇ ಬಲಿತಿರುತ್ತವೆ. ಬೇರೆ ಮರ ಬೇಕು. ಆ ಮರ ಅದೇ ವಾರ ಸರಿಯಾದ ಹದದಲ್ಲಿರಬೇಕು. ಅದಕ್ಕೇ ಅತ್ತಿ ಮರಗಳು ಮಾವಿನಂತೆ ಎಲ್ಲ ಒಂದೇ ಕಾಲಕ್ಕೆ ಕಾಯಿ ಬಿಡುವುದಿಲ್ಲ. ಈ ಮರ ಯುಗಾದಿಗೆ, ಆ ಮರ ಆಷಾಢಕ್ಕೆ, ಇನ್ನೊಂದು ದೀಪಾವಳಿಗೆ. ವರ್ಷವಿಡೀ ಎಲ್ಲೋ ಒಂದು ಕಡೆ ಬಾಗಿಲು ತೆರೆದಿರಲೇಬೇಕು. ಸೀಮೆಯ ಅತ್ತಿ ಮರಗಳೆಲ್ಲ ಸೇರಿ ಒಂದು ಕ್ಯಾಲೆಂಡರ್. ಒಂದು ಮರ ಕಡಿದರೆ ಆ ಕ್ಯಾಲೆಂಡರಿನಿಂದ ಕೆಲವು ವಾರ ಹರಿದು ಹಾಕಿದಂತೆ.

ಎಷ್ಟು ಮರ ಬೇಕು? ಆಫ್ರಿಕಾದ ಗಬಾನ್ ದೇಶದ ಒಂದು ಅತ್ತಿ ಜಾತಿಯ ಬಗ್ಗೆ 1990ರಲ್ಲಿ ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ್ದರು. ಅದರ ಕಣಜದ ಸಂತತಿ ನಾಲ್ಕು ವರ್ಷ ತುಂಡಾಗದೆ ಉಳಿಯಬೇಕಾದರೆ ಸುಮಾರು 95 ಮರ ಬೇಕು ಅಂತ ಬಂತು. ನಮ್ಮ ಅತ್ತಿಗೂ ಅಷ್ಟೇ ಸಂಖ್ಯೆ ಅಂತ ನಾನು ಹೇಳುತ್ತಿಲ್ಲ. ಆದರೆ ಒಂಟಿ ಮರ ಸಾಕಾಗುವುದಿಲ್ಲ ಎನ್ನುವುದು ಇದರಲ್ಲಿ ಸ್ಪಷ್ಟ ಅಲ್ವಾ? ಗಾಳಿ ಕೈಹಿಡಿದರೆ ಈ ಪುಟ್ಟ ಹುಳಗಳು ಬಹುದೂರ ಹೋಗುತ್ತವೆ, ಅದೂ ನಿಜ. ನಮೀಬಿಯಾದ ಮರಳುಗಾಡಿನ ನದಿಯೊಂದರ ದಂಡೆಯಲ್ಲಿ ಅಲ್ಲಿನ ಅತ್ತಿ ಕಣಜ 160 ಕಿಲೋಮೀಟರ್‌ವರೆಗೆ ಪರಾಗ ಒಯ್ದದ್ದು ದಾಖಲಾಗಿದೆ. ಆದರೆ ಅಲ್ಲಿ ಕೂಡ ಹೋಗಿ ಸೇರಲು ಒಂದು ಮರ ಇತ್ತು.

ಇಷ್ಟು ಹೊತ್ತು ಇಬ್ಬರ ಕತೆ ಹೇಳಿದೆ. ಆದರೆ ಮರದಲ್ಲಿ ಇಬ್ಬರೇ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜೆಸ್ ಮತ್ತು ಅವರ ವಿದ್ಯಾರ್ಥಿಗಳು ನಮ್ಮ ಇದೇ ಅತ್ತಿಯನ್ನು ವರ್ಷಗಟ್ಟಲೆ ಕೂತು ನೋಡಿದ್ದಾರೆ. ಅವರ ಕೆಲಸದ ಬಗ್ಗೆ ಓದುತ್ತಾ ನನಗೆ ನಿದ್ದೆಯೇ ಬರಲಿಲ್ಲ. ಪರಾಗ ತರದೆ ಸುಮ್ನೆ ಮೊಟ್ಟೆ ಇಟ್ಟು ಹೋಗುವ ಕಳ್ಳ ಕಣಜಗಳಿವೆ. ಅವು ಒಳಗೆ ಹೋಗುವುದೇ ಇಲ್ಲ. ಕಾಯಿಯ ಹೊರಗೆ ಕೂತು ಕೂದಲಿಗಿಂತ ತೆಳುವಾದ ಉದ್ದ ಸೂಜಿಯನ್ನು ಗಟ್ಟಿ ಸಿಪ್ಪೆಯೊಳಗೆ ಇಳಿಸುತ್ತವೆ. ಆ ಸೂಜಿಯ ತುದಿಯ ಹಲ್ಲುಗಳು ಸತುವಿನಿಂದ ಗಟ್ಟಿಯಾಗಿವೆ ಅಂತ 2014ರಲ್ಲಿ ಅದೇ ಸಂಸ್ಥೆಯವರು ತೋರಿಸಿದರು. ಈ ಕಳ್ಳರನ್ನು ಹಿಡಿಯಲು ಚಗಳಿ ಇರುವೆಗಳು ಕಾಯಿಯ ಮೇಲೆ ಓಡಾಡುತ್ತವೆ. ಮಲೆನಾಡಿನವರು ಚಟ್ನಿ ಮಾಡುತ್ತಾರಲ್ಲ, ಅದೇ ಕೆಂಪಿರುವೆ. ಅವು ಒಳ್ಳೆಯ ಕಣಜವನ್ನೂ ಬಿಡುವುದಿಲ್ಲ ಅನ್ನಿ. ಇನ್ನು ಹೆಣ್ಣು ಕಣಜದ ಮೈಯಲ್ಲೇ ನೆಮಟೋಡ್ ಎನ್ನುವ ದಾರದಂಥ ಹುಳಗಳು ಬಸ್ಸು ಹತ್ತಿದಂತೆ ಹತ್ತಿ, ಒಂದು ಕಾಯಿಯಿಂದ ಇನ್ನೊಂದಕ್ಕೆ ಹೋಗುತ್ತವೆ. ಜಾಸ್ತಿ ಹತ್ತಿದರೆ ಕಣಜಕ್ಕೆ ಭಾರ, ಎಲ್ಲರ ಪ್ರಯಾಣವೂ ಅರ್ಧಕ್ಕೇ ನಿಲ್ಲುತ್ತದೆ.

ಒಂದು ಕಾಯಿಯೊಳಗೆ ಇಷ್ಟು ಸಂಸಾರ. ನಮ್ಮ ಪಟ್ಟಿಯಲ್ಲಿ ಅದರ ಹೆಸರು "ಕಾಡುಜಾತಿ".

ಹಣ್ಣಾದ ಮೇಲಿನ ಕತೆ ನಿಮಗೆಲ್ಲ ಗೊತ್ತೇ ಇದೆ. ಕಾಂಡಕ್ಕೇ ಅಂಟಿದ ಕೆಂಪು ಗೊಂಚಲು. ಕುಟುರ ಹಕ್ಕಿ, ಕೋಗಿಲೆ, ಪಿಕಳಾರ, ಮೈನಾ, ಹಸಿರು ಪಾರಿವಾಳ, ಅಳಿಲು, ಕೋತಿ, ರಾತ್ರಿ ಬಾವಲಿ ಮತ್ತು ಪುನುಗಿನ ಬೆಕ್ಕು. ಕೆಳಗೆ ಬಿದ್ದದ್ದಕ್ಕೆ ದನ, ಹಂದಿ, ಕಾಡುಕುರಿ. ಹಳ್ಳಕ್ಕೆ ಬಿದ್ದದ್ದಕ್ಕೆ ಮೀನು. ಜಗತ್ತಿನಲ್ಲಿ ಅತ್ತಿ ಕುಲದ ಹಣ್ಣು ತಿನ್ನುವ ಪ್ರಾಣಿಪಕ್ಷಿಗಳು 1,200 ಜಾತಿಗೂ ಹೆಚ್ಚು. ಕಣಜಕ್ಕೋಸ್ಕರ ಅತ್ತಿ ವರ್ಷವಿಡೀ ಬಿಡಬೇಕಲ್ಲ, ಅದರಿಂದ ಬೇರೆ ಹಣ್ಣಿಲ್ಲದ ತಿಂಗಳಲ್ಲೂ ಇವಕ್ಕೆಲ್ಲ ಊಟ ಸಿಗುತ್ತದೆ. 2 ಮಿಲಿಮೀಟರ್ ಹುಳದ ಅಗತ್ಯ ಇಡೀ ಕಾಡಿನ ಬರಗಾಲ ತಪ್ಪಿಸುತ್ತದೆ.

ದಾಂಡೇಲಿಯಲ್ಲಿ ಮಂಗಟ್ಟೆ ನೋಡಲು ಜನ ದೂರದಿಂದ ಬರುತ್ತಾರೆ. 2011ರಲ್ಲಿ ಕಾಳಿ ದಂಡೆಯ ಕಾಡನ್ನು ಆ ಹಕ್ಕಿಗಾಗಿಯೇ ಮೀಸಲಿಟ್ಟರು, ಸಂತೋಷ. ಹೆಣ್ಣು ಮಂಗಟ್ಟೆ ಪೊಟರೆಯೊಳಗೆ ಸೇರಿ, ಸಣ್ಣ ಸೀಳು ಬಿಟ್ಟು ಬಾಗಿಲು ಮುಚ್ಚಿಕೊಂಡು, ತಿಂಗಳುಗಟ್ಟಲೆ ಕೂರುತ್ತದೆ. ಗಂಡು ತಂದು ತಿನ್ನಿಸುವುದರಲ್ಲಿ ದೊಡ್ಡ ಪಾಲು ಅತ್ತಿ, ಆಲ, ಬಸರಿಯ ಹಣ್ಣು. ಮಂಗಟ್ಟೆಯ ಫೋಟೋ ತೆಗೆಯುವ ನಮ್ಮ ಗೆಳೆಯರೆಲ್ಲ ಆ ಕಣಜವನ್ನೂ ಒಂದು ಕ್ಷಣ ನೆನೆಯಬೇಕು.

ಹಾಗಾದರೆ ರಸ್ತೆಯೇ ಬೇಡವೇ? ಬೇಕು. ನಮ್ಮೂರಿಗೆ ಆಂಬುಲೆನ್ಸ್ ಬರಲು ಎಷ್ಟು ಕಷ್ಟ ಇತ್ತು ಅಂತ ನನಗೂ ಗೊತ್ತು. ನನ್ನ ತಕರಾರು ಲೆಕ್ಕದ ಬಗ್ಗೆ. ಕರ್ನಾಟಕದಲ್ಲಿ ಮರ ಉಳಿಸಲು 1976ರಿಂದ ಕಾನೂನಿದೆ. ಆದರೆ ಕಡಿಯುವಾಗಲೂ ನೆಡುವಾಗಲೂ ನಾವು ಎಣಿಸುವುದು ತಲೆ ಮಾತ್ರ. ನಮ್ಮ ಅತ್ತಿಯ ಬದಲಿಗೆ ನೆಟ್ಟ ಹತ್ತು ಸಸಿ ಯಾವುದು ಗೊತ್ತಾ? ಮಹಾಗನಿ ಮತ್ತು ಹೊಂಗೆ. ಹೊಂಗೆ ಒಳ್ಳೆಯ ಮರ, ನನಗೆ ಅದರ ಮೇಲೆ ಸಿಟ್ಟಿಲ್ಲ. ಆದರೆ ಹತ್ತಲ್ಲ, ನೂರು ಹೊಂಗೆ ಬಂದರೂ ಒಂದು ಅತ್ತಿ ಕಣಜಕ್ಕೆ ಅಲ್ಲಿ ಬಾಗಿಲಿಲ್ಲ. ಅತ್ತಿ ಹೋದ ಕಡೆ ಅತ್ತಿಯೇ ಬರಬೇಕು, ಆಲ ಹೋದ ಕಡೆ ಆಲವೇ ಬರಬೇಕು. ಕಡಿಯುವ ಮೊದಲೇ ಬರಬೇಕು. ಪಟ್ಟಿಯಲ್ಲಿ ಅವುಗಳ ಹೆಸರು ಬರೆಯಬೇಕು. ಇಷ್ಟೇ ನನ್ನ ಬೇಡಿಕೆ.

ಇದೇನು ಆಗದ ಕೆಲಸವಲ್ಲ. ಆಲ, ಗೋಣಿ, ಬಸರಿಗಳ ದಪ್ಪ ಕೊಂಬೆಯನ್ನು ಮಳೆಗಾಲದ ಆರಂಭದಲ್ಲಿ ಗೂಟದಂತೆ ನೆಟ್ಟರೆ ಚಿಗುರುತ್ತದೆ ಅಂತ ನಮ್ಮ ರೈತರಿಗೆ ತಲೆತಲಾಂತರದಿಂದ ಗೊತ್ತು. ಸಾಲುಮರದ ತಿಮ್ಮಕ್ಕ ಮತ್ತು ಅವರ ಯಜಮಾನರು ಹುಲಿಕಲ್‌ನಿಂದ ಕುದೂರಿನ ದಾರಿಯಲ್ಲಿ ನೀರು ಹೊತ್ತು ಬೆಳೆಸಿದ 385 ಮರ ಯಾವುದು? ಆಲ. ಜನ ಅದನ್ನು ನೆರಳು ಅಂತ ನೋಡುತ್ತಾರೆ. ನನಗೆ ಅಲ್ಲಿ 385 ಬಾಗಿಲು ಕಾಣುತ್ತವೆ.

ನಮ್ಮ ಮರ ಕಡಿದ ದಿನ ನಾನು ನಾಲ್ಕು ಕೊಂಬೆ ತಂದು ಹಳ್ಳದ ಆಚೆ ನೆಟ್ಟೆ. ಮೂರು ಒಣಗಿದವು. ಒಂದು ಚಿಗುರಿದೆ, ಈಗ ನನ್ನ ಸೊಂಟದೆತ್ತರ ಇದೆ. ಅದು ಕಾಯಿ ಬಿಡಲು ಇನ್ನೂ ವರ್ಷಗಳು ಬೇಕು. ಅಲ್ಲಿಯವರೆಗೆ ಸುತ್ತಮುತ್ತಲಿನ ಅತ್ತಿಗಳು ಉಳಿಯಬೇಕು.

ಅದಕ್ಕೇ ಒಂದು ವಿನಂತಿ. ನಿಮ್ಮ ಮನೆ, ಶಾಲೆ, ಗುಡಿ, ಕೆರೆ ಏರಿ ಎಲ್ಲೇ ಆಗಲಿ ಒಂದು ಅತ್ತಿ ಮರ ಇದ್ದರೆ, ಅದರಲ್ಲಿ ಎಳೆಕಾಯಿ ಕಂಡ ದಿನ ಇಲ್ಲಿ ಕೆಳಗೆ ಬರೆಯಿರಿ. ಊರು, ದಿನಾಂಕ, ಕಾಯಿ ಎಷ್ಟು ದೊಡ್ಡದು, ಅಷ್ಟು ಸಾಕು. ಎಲ್ಲ ಸೇರಿಸಿ ನಮ್ಮ ಸೀಮೆಯ ಅತ್ತಿ ಕ್ಯಾಲೆಂಡರ್ ಮಾಡೋಣ. ಮುಂದೆ ಯಾರಾದರೂ "ಕಾಡುಜಾತಿ" ಅಂತ ಬರೆದಾಗ, ಆ ಮರ ಯಾವ ತಿಂಗಳನ್ನು ಕಾಯುತ್ತಿದೆ ಅಂತ ತೋರಿಸಬಹುದು.

ನನ್ನಿಂದಲೇ ಶುರು. ನಮ್ಮೂರ ಈಶ್ವರನ ಗುಡಿ ಹಿಂದಿನ ಅತ್ತಿ, ಮೊನ್ನೆ ಭಾನುವಾರ. ಕಾಯಿ ಕಡಲೆಕಾಳಿನಷ್ಟು.